ಹಳೆಯ ವೈಡ್ ಆ್ಯಂಗಲ್ ಕ್ಯಾಮೆರಾ: ಲೆನ್ಸ್ ಬದಲಿಸುವ ಮುನ್ನ ಮೂರು ಪ್ರಶ್ನೆ

ಫಿಲಂ ಕ್ಯಾಮೆರಾಗಳ ಕಾಲ ಮುಗಿದೇ ಹೋಯಿತೆಂದು ಎರಡು ದಶಕಗಳ ಹಿಂದೆ ಬಹುತೇಕರು ತೀರ್ಮಾನಿಸಿದ್ದರು. ಹೆಸರಾಂತ ಕಂಪನಿಗಳು ಒಂದರ ಹಿಂದೆ ಒಂದರಂತೆ ತಯಾರಿಕೆ ನಿಲ್ಲಿಸಿದವು. ಸ್ಟುಡಿಯೋಗಳಲ್ಲಿ ಮೆರೆದಿದ್ದ ಯಾಶಿಕಾ, ರೋಲಿಫ್ಲೆಕ್ಸ್‌ಗಳು ಅಟ್ಟ ಸೇರಿದವು. ಆದರೆ 1901ರಲ್ಲಿ ಕೊಡಕ್ ಕಂಪನಿ ಪರಿಚಯಿಸಿದ 120 ಸಂಖ್ಯೆಯ ಅಗಲ ಫಿಲಂ ಸುರುಳಿ ಮಾತ್ರ ಇಂದಿಗೂ ಮಾರುಕಟ್ಟೆಯಿಂದ ಮರೆಯಾಗಿಲ್ಲ. ಅದರ ಜೊತೆಗೇ ಆ ಸುರುಳಿಗೆಂದು ರೂಪುಗೊಂಡ ಹಳೆಯ ಕ್ಯಾಮೆರಾಗಳಿಗೂ ಹೊಸ ಬೇಡಿಕೆ ಹುಟ್ಟಿಕೊಂಡಿದೆ.

ಇವುಗಳಲ್ಲಿ ವಿಶಾಲ ದೃಶ್ಯವನ್ನು ಒಂದೇ ಚೌಕಟ್ಟಿನಲ್ಲಿ ಹಿಡಿಯುವ ವೈಡ್ ಆ್ಯಂಗಲ್ ಕ್ಯಾಮೆರಾಗಳದ್ದು ಪ್ರತ್ಯೇಕ ಸ್ಥಾನ. ಕಟ್ಟಡ, ಗುಡ್ಡಸಾಲು, ಇಕ್ಕಟ್ಟಾದ ಒಳಾಂಗಣಗಳನ್ನು ಚಿತ್ರಿಸುವವರಿಗೆ ಇವು ಅಚ್ಚುಮೆಚ್ಚು. ತೊಂದರೆ ಎದುರಾಗುವುದು ಲೆನ್ಸ್ ಬದಲಿಸುವ ಹೊತ್ತಿನಲ್ಲಿ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಗುಂಡಿ ಒತ್ತಿ, ಲೆನ್ಸ್ ತಿರುಗಿಸಿ ತೆಗೆದರೆ ಕೆಲಸ ಮುಗಿಯಿತು. ಹಳೆಯ ಕ್ಯಾಮೆರಾದಲ್ಲಿ ಅದೇ ಧೈರ್ಯ ತೋರಿದರೆ ಒಳಗಿನ ಫಿಲಂ ಬೆಳಕಿಗೆ ಸಿಕ್ಕಿ ಹಾಳಾಗಬಹುದು, ಇಲ್ಲವೇ ಯಂತ್ರವೇ ಸಿಕ್ಕಿಹಾಕಿಕೊಳ್ಳಬಹುದು. ಬಿಡಿಭಾಗಗಳ ತಯಾರಿಕೆ ನಿಂತಿರುವ, ರಿಪೇರಿ ಬಲ್ಲವರು ವಿರಳವಾಗಿರುವ ಈ ದಿನಗಳಲ್ಲಿ ಅಂಥ ಒಂದು ತಪ್ಪು ತಿರುವು ದುಬಾರಿಯಾಗುತ್ತದೆ.

ಮಧ್ಯಮ ಗಾತ್ರ ಎಂದರೇನು?

ಸಾಮಾನ್ಯ 35 ಮಿ.ಮೀ. ಫಿಲಂನಲ್ಲಿ ಒಂದು ಚಿತ್ರದ ಅಳತೆ 24 x 36 ಮಿ.ಮೀ. 120 ಫಿಲಂನಲ್ಲಿ ಚೌಕಾಕಾರದ '6 x 6' ಚಿತ್ರದ ನಿಜವಾದ ಅಳತೆ ಸುಮಾರು 56 x 56 ಮಿ.ಮೀ.; ಅಂದರೆ ಮೂರೂವರೆ ಪಟ್ಟಿಗೂ ಮಿಕ್ಕಿದ ವಿಸ್ತೀರ್ಣ. '6 x 7' ಚಿತ್ರ ನಾಲ್ಕೂವರೆ ಪಟ್ಟು ದೊಡ್ಡದು. ಉದ್ದನೆಯ '6 x 17' ಚಿತ್ರವಂತೂ ಹತ್ತು ಪಟ್ಟಿಗೂ ಹೆಚ್ಚು. ಚಿತ್ರ ದೊಡ್ಡದಾದಷ್ಟೂ ವಿವರ ಹೆಚ್ಚು, ಆದರೆ ಸುರುಳಿಯಲ್ಲಿ ದಕ್ಕುವ ಚಿತ್ರಗಳ ಸಂಖ್ಯೆ ಕಡಿಮೆ. ಒಂದು 120 ಸುರುಳಿಯಲ್ಲಿ 6 x 6 ಅಳತೆಯ 12, 6 x 7 ಅಳತೆಯ 10, 6 x 17 ಅಳತೆಯ ಕೇವಲ 4 ಚಿತ್ರಗಳು ಬರುತ್ತವೆ. ಒಂದು ಕಾಲದಲ್ಲಿ ಭಾರತದ ಮನೆಮನೆಗಳಲ್ಲಿದ್ದ ಆಗ್ಫಾ ಕ್ಲಿಕ್ 3 ಕ್ಯಾಮೆರಾ ಬಳಸುತ್ತಿದ್ದುದೂ ಇದೇ 120 ಫಿಲಂ ಅನ್ನು. ಒಂದು ಸುರುಳಿಗೆ ಹನ್ನೆರಡೇ ಚಿತ್ರ ಎಂಬ ಲೆಕ್ಕ ಹಿರಿಯರಿಗೆ ಇನ್ನೂ ನೆನಪಿರಬಹುದು.

ಎಣಿಕೆ ಇಷ್ಟು ಬಿಗಿಯಾಗಿರುವಾಗ ಲೆನ್ಸ್ ಬದಲಿಸುವ ಭರದಲ್ಲಿ ಒಂದು ಚಿತ್ರ ಕಳೆದುಕೊಂಡರೂ ನಷ್ಟವೇ. ಆದ್ದರಿಂದ ಯಾವುದೇ ಹಳೆಯ ಕ್ಯಾಮೆರಾ ಕೈಗೆ ಬಂದಾಗ ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳುವುದು ಒಳಿತು. ಶಟರ್ ಎಲ್ಲಿದೆ? ಲೆನ್ಸ್ ಕಳಚಿದಾಗ ಫಿಲಂ ಅನ್ನು ಬೆಳಕಿನಿಂದ ಕಾಯುವುದು ಯಾವುದು? ಲೆನ್ಸಿಗೂ ಫಿಲಂಗೂ ನಡುವಿನ ಅಂತರವನ್ನು ನಿಗದಿ ಮಾಡಿರುವುದು ಹೇಗೆ?

ಶಟರ್ ಲೆನ್ಸಿನೊಳಗೆ

ಬಹುತೇಕ 35 ಮಿ.ಮೀ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಶಟರ್ ಎಂಬುದು ಫಿಲಂನ ಮುಂದೆಯೇ ಇರುವ ಪರದೆ. ಲೆನ್ಸ್ ತೆಗೆದರೂ ಆ ಪರದೆ ಫಿಲಂ ಅನ್ನು ಮುಚ್ಚಿಕೊಂಡಿರುತ್ತದೆ. ಮಧ್ಯಮ ಗಾತ್ರದ ಅನೇಕ ಕ್ಯಾಮೆರಾಗಳಲ್ಲಿ ವ್ಯವಸ್ಥೆ ಬೇರೆ. ಅಲ್ಲಿ ಶಟರ್ ಇರುವುದು ಲೆನ್ಸಿನ ಒಳಗೆ. ತೆಳು ಲೋಹದ ಎಲೆಗಳು ಹೂವಿನಂತೆ ಅರಳಿ ಮುಚ್ಚಿಕೊಳ್ಳುವುದರಿಂದ ಇದಕ್ಕೆ ಲೀಫ್ ಶಟರ್ ಎಂಬ ಹೆಸರು. ಇದರ ಅನುಕೂಲವೆಂದರೆ ಯಾವ ವೇಗದಲ್ಲಾದರೂ ಫ್ಲಾಶ್ ಬಳಸಬಹುದು, ಕಂಪನವೂ ಕಡಿಮೆ. ಅನನುಕೂಲವೂ ಅಲ್ಲಿಯೇ ಇದೆ. ಲೆನ್ಸ್ ಕಳಚಿದಾಗ ಶಟರ್ ಕೂಡ ಅದರ ಜೊತೆಗೇ ಹೊರಟುಹೋಗುತ್ತದೆ. ಬೇರೊಂದು ತಡೆ ಇಲ್ಲದಿದ್ದರೆ ಫಿಲಂ ನೇರವಾಗಿ ಬೆಳಕಿಗೆ ತೆರೆದುಕೊಳ್ಳುತ್ತದೆ.

ಈ ತಡೆಯನ್ನು ಒಬ್ಬೊಬ್ಬ ತಯಾರಕರು ಒಂದೊಂದು ರೀತಿಯಲ್ಲಿ ಒದಗಿಸಿದರು. ಬದಲಾವಣೆಯ ವಿಧಾನವೂ ಅದಕ್ಕೆ ತಕ್ಕಂತೆ ಬೇರೆಬೇರೆಯಾಯಿತು.

ಬದಲಿಸಲು ಬಾರದ ಸೂಪರ್ ವೈಡ್

ಈ ವರ್ಗದ ಅತ್ಯಂತ ಪ್ರಸಿದ್ಧ ಕ್ಯಾಮೆರಾ ಸ್ವೀಡನ್ನಿನ ಹ್ಯಾಸಲ್‌ಬ್ಲಾಡ್ ಕಂಪನಿಯ ಸೂಪರ್ ವೈಡ್. ಇದರ ಮೊದಲ ರೂಪ 1954ರಲ್ಲಿ ಬೆಳಕಿಗೆ ಬಂದಿತು. 1959ರಲ್ಲಿ ಎಸ್‌ಡಬ್ಲ್ಯುಸಿ, ಮುಂದೆ 903 ಎಸ್‌ಡಬ್ಲ್ಯುಸಿ, 2001ರಲ್ಲಿ 905 ಎಸ್‌ಡಬ್ಲ್ಯುಸಿ ಹೀಗೆ ಅದು ರೂಪ ಬದಲಿಸುತ್ತ ಬಂದರೂ ಅದರ ಜೀವಾಳ ಮಾತ್ರ ಒಂದೇ: ಜರ್ಮನಿಯ ಝೈಸ್ ಕಂಪನಿಯ 38 ಮಿ.ಮೀ. ಬಯೊಗಾನ್ ಲೆನ್ಸ್. ದೃಗ್ವಿಜ್ಞಾನಿ ಲುಡ್ವಿಗ್ ಬೆರ್ಟೆಲೆ ರೂಪಿಸಿದ ಈ ವಿನ್ಯಾಸ ಸುಮಾರು 90 ಡಿಗ್ರಿ ಕೋನದ ದೃಶ್ಯವನ್ನು ಗೆರೆಗಳು ಬಾಗದಂತೆ ಹಿಡಿಯುತ್ತದೆ. 1966ರ ಜೆಮಿನಿ ಬಾಹ್ಯಾಕಾಶ ಯಾನಗಳಲ್ಲಿಯೂ ಸೂಪರ್ ವೈಡ್ ಬಳಕೆಯಾಗಿತ್ತು.

ಈ ಕ್ಯಾಮೆರಾದ ಲೆನ್ಸ್ ಬದಲಿಸಲು ಬರುವುದಿಲ್ಲ. ಅದನ್ನು ಕವಚಕ್ಕೆ ತಿರುಪುಗಳಿಂದ ಭದ್ರಪಡಿಸಲಾಗಿದೆ. ಕಾರಣ ಸ್ಪಷ್ಟ. ಬಯೊಗಾನ್ ಮಾದರಿಯ ಲೆನ್ಸಿನ ಹಿಂಭಾಗದ ಗಾಜು ಫಿಲಂನ ಅತಿ ಸಮೀಪಕ್ಕೆ ಚಾಚಿಕೊಂಡಿರುತ್ತದೆ. ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇರುವಂತೆ ನಡುವೆ ಕನ್ನಡಿ ಕೂರಿಸಲು ಸ್ಥಳವೇ ಉಳಿಯುವುದಿಲ್ಲ. ಹಾಗಾಗಿ ಹ್ಯಾಸಲ್‌ಬ್ಲಾಡ್ ಎಂಜಿನಿಯರುಗಳು ಕನ್ನಡಿಯನ್ನೇ ಕೈಬಿಟ್ಟು, ಲೆನ್ಸಿನ ಸುತ್ತ ಒಂದು ಪುಟ್ಟ ಕವಚ ಕಟ್ಟಿ, ಮೇಲೆ ಪ್ರತ್ಯೇಕ ವ್ಯೂಫೈಂಡರ್ ಇಟ್ಟರು. ದೂರವನ್ನು ಅಂದಾಜು ಮಾಡಿ ಲೆನ್ಸಿನ ಮೇಲಿನ ಅಳತೆಗೆ ಹೊಂದಿಸುವುದೇ ಫೋಕಸ್.

ಹಳೆಯ ಸೂಪರ್ ವೈಡ್ ಕೊಂಡವರು ಲೆನ್ಸ್ ಕಳಚಲು ತಿರುಪುಳಿ ಹಿಡಿಯುವುದು ಅಪಾಯಕರ. ಇದರಲ್ಲಿ ಬದಲಿಸಬಹುದಾದದ್ದು ಹಿಂದಿನ ಫಿಲಂ ಪೆಟ್ಟಿಗೆಯನ್ನು, ಅಂದರೆ ಮ್ಯಾಗಜಿನ್ ಅನ್ನು ಮಾತ್ರ. ಅದಕ್ಕೂ ಮುನ್ನ ಡಾರ್ಕ್ ಸ್ಲೈಡ್ ಎಂಬ ಲೋಹದ ತಗಡನ್ನು ಪೂರ್ತಿ ಒಳಸೇರಿಸಬೇಕು.

ಹ್ಯಾಸಲ್‌ಬ್ಲಾಡ್ 500: ಕ್ರಮ ತಪ್ಪಬಾರದು

ಅದೇ ಕಂಪನಿಯ 500 ಸಿ ಮಾದರಿ 1957ರಲ್ಲಿ ಬಂದಿತು. ಇದು ಕನ್ನಡಿಯುಳ್ಳ ಕ್ಯಾಮೆರಾ. ಲೆನ್ಸ್ ಬದಲಿಸುವ ಸೌಲಭ್ಯವೂ ಉಂಟು. ಕನ್ನಡಿಗೆ ಜಾಗ ಬಿಡಬೇಕಾದ್ದರಿಂದ ಇದಕ್ಕೆ ಬಯೊಗಾನ್ ಹೊಂದದು. ಬದಲಿಗೆ ಫಿಲಂನಿಂದ ದೂರ ನಿಂತೇ ಅಗಲ ದೃಶ್ಯ ಕೊಡುವ ಡಿಸ್ಟಗಾನ್ ಮಾದರಿಯ 50 ಮಿ.ಮೀ., 40 ಮಿ.ಮೀ. ಲೆನ್ಸುಗಳನ್ನು ಝೈಸ್ ಒದಗಿಸಿತು. ಇವು ಗಾತ್ರದಲ್ಲಿ ದೊಡ್ಡವು, ತೂಕದಲ್ಲಿಯೂ ಹೆಚ್ಚು.

ಇಲ್ಲಿ ಲೆನ್ಸಿನೊಳಗಿನ ಶಟರನ್ನು ಕ್ಯಾಮೆರಾ ಕವಚದಿಂದ ಬರುವ ಒಂದು ಅಚ್ಚು ತಿರುಗಿಸಿ ಸಜ್ಜುಗೊಳಿಸುತ್ತದೆ. ಫಿಲಂನ ಮುಂದೆ ಕದದಂತಹ ಎರಡು ರೆಕ್ಕೆಗಳು ಮುಚ್ಚಿಕೊಂಡಿರುವುದರಿಂದ ಲೆನ್ಸ್ ತೆಗೆದಾಗ ಬೆಳಕಿನ ಭಯವಿಲ್ಲ. ಅಪಾಯವಿರುವುದು ಅಚ್ಚಿನಲ್ಲಿ. ಲೆನ್ಸ್ ಬದಲಿಸುವಾಗ ಕ್ಯಾಮೆರಾ ಮತ್ತು ಲೆನ್ಸ್ ಎರಡೂ ಸಜ್ಜಾದ ಸ್ಥಿತಿಯಲ್ಲಿ, ಅಂದರೆ ಪಕ್ಕದ ಹಿಡಿಯನ್ನು ಪೂರ್ತಿ ತಿರುಗಿಸಿದ ಬಳಿಕದ ಸ್ಥಿತಿಯಲ್ಲಿ ಇರಲೇಬೇಕು. ಒಂದು ಸಜ್ಜಾಗಿ ಇನ್ನೊಂದು ಬಿಡುಗಡೆಯಾಗಿದ್ದರೆ ಅಚ್ಚಿನ ತುದಿಯೂ ಲೆನ್ಸಿನ ಗಾಡಿಯೂ ಒಂದಕ್ಕೊಂದು ಹೊಂದುವುದಿಲ್ಲ. ಒತ್ತಾಯದಿಂದ ತಿರುಗಿಸಿದರೆ ಲೆನ್ಸ್ ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ತಜ್ಞರೇ ಬೇಕಾಗುತ್ತದೆ.

ಲೆನ್ಸ್ ಜೋಡಿಸುವ ಮುನ್ನ ಅದರ ಹಿಂಬದಿಯನ್ನು ಒಮ್ಮೆ ನೋಡುವ ಅಭ್ಯಾಸ ಒಳ್ಳೆಯದು. ಗಾಡಿಯು ಕೆಂಪು ಗುರುತಿಗೆ ನೇರವಾಗಿದ್ದರೆ ಲೆನ್ಸ್ ಸಜ್ಜಾಗಿದೆಯೆಂದು ಅರ್ಥ. ಇಲ್ಲವಾದರೆ ಅಳತೆಗೆ ಸರಿಹೊಂದುವ ತಿರುಪುಳಿಯಿಂದ ಅದನ್ನು ನಿಧಾನವಾಗಿ ಪ್ರದಕ್ಷಿಣವಾಗಿ ತಿರುಗಿಸಿ ಗುರುತಿಗೆ ತರಬೇಕು. ಕನ್ನಡಿಯನ್ನು ಮೊದಲೇ ಎತ್ತಿಟ್ಟ ಸ್ಥಿತಿಯಲ್ಲಿಯೂ ಲೆನ್ಸ್ ತೆಗೆಯಲು ಯತ್ನಿಸಬಾರದು. ಮೊದಲು ಶಟರ್ ಒತ್ತಿ, ಮತ್ತೆ ಹಿಡಿ ತಿರುಗಿಸಿ, ಅನಂತರವೇ ಕೈಹಾಕಬೇಕು.

ಮಾಮಿಯಾ 7: ಪರದೆಯ ಕಾವಲು

ಜಪಾನಿನ ಮಾಮಿಯಾ ಕಂಪನಿ 1995ರಲ್ಲಿ ತಂದ ಮಾಮಿಯಾ 7, ಅದರ ಸುಧಾರಿತ ರೂಪವಾಗಿ 1999ರಲ್ಲಿ ಬಂದ ಮಾಮಿಯಾ 7-2 ಕ್ಯಾಮೆರಾಗಳು 6 x 7 ಅಳತೆಯವು. ಕನ್ನಡಿಯಿಲ್ಲದ ರೇಂಜ್‌ಫೈಂಡರ್ ವರ್ಗಕ್ಕೆ ಸೇರಿದ ಇವುಗಳಲ್ಲಿ ಬಯೊಗಾನ್ ಮಾದರಿಯ ಅನುಕೂಲವೂ ಇದೆ, ಲೆನ್ಸ್ ಬದಲಿಸುವ ಸೌಲಭ್ಯವೂ ಇದೆ. 43, 50, 65, 80, 150, 210 ಮಿ.ಮೀ. ಲೆನ್ಸುಗಳು ಲಭ್ಯವಿದ್ದವು. ಇವುಗಳಲ್ಲಿ 43 ಮಿ.ಮೀ. ಲೆನ್ಸ್ 90 ಡಿಗ್ರಿಗೂ ತುಸು ಹೆಚ್ಚಿನ ಕೋನವನ್ನು ಆವರಿಸುತ್ತದೆ.

ಶಟರ್ ಲೆನ್ಸಿನಲ್ಲಿಯೇ ಇರುವುದರಿಂದ ಕವಚದೊಳಗೆ ಬೆಳಕು ತಡೆಯುವ ಪ್ರತ್ಯೇಕ ಪರದೆಯೊಂದನ್ನು ಅಳವಡಿಸಲಾಗಿದೆ. ಕ್ಯಾಮೆರಾದ ತಳಭಾಗದಲ್ಲಿರುವ ತಿರುಗಣೆಯಿಂದ ಮೊದಲು ಇದನ್ನು ಮುಚ್ಚಬೇಕು. ಪರದೆ ಮುಚ್ಚದ ಹೊರತು ಲೆನ್ಸ್ ಕಳಚಿಕೊಳ್ಳದಂತೆ ಬೀಗದ ವ್ಯವಸ್ಥೆ ಇದೆ. ಹೊಸ ಲೆನ್ಸನ್ನು ಗುರುತಿಗೆ ಹೊಂದಿಸಿ, ಸದ್ದಾಗಿ ಕೂರುವವರೆಗೆ ತಿರುಗಿಸಿದ ಮೇಲೆ ಪರದೆಯನ್ನು ಮತ್ತೆ ತೆರೆಯಬೇಕು.

ಹೊಸಬರು ಎಡವುವುದು ಈ ಕೊನೆಯ ಹಂತದಲ್ಲಿಯೇ. ಪರದೆ ಮುಚ್ಚಿರುವಾಗ ಶಟರ್ ಬಿಡುಗಡೆಯಾಗುವುದಿಲ್ಲ. ಇದನ್ನು ತಿಳಿಯದವರು ಬ್ಯಾಟರಿ ಮುಗಿದಿದೆಯೆಂದೋ ಕ್ಯಾಮೆರಾ ಕೆಟ್ಟಿದೆಯೆಂದೋ ಗಾಬರಿಯಾಗುವುದುಂಟು. ಕೆಟ್ಟಿದೆ ಎಂಬ ತೀರ್ಮಾನಕ್ಕೆ ಬರುವ ಮುನ್ನ ತಳದ ತಿರುಗಣೆಯನ್ನು ನೋಡುವುದು ಲೇಸು. ಪರದೆ ಮುಚ್ಚಿದ್ದರೂ ಲೆನ್ಸ್ ಕಳಚಿದ ಕ್ಯಾಮೆರಾವನ್ನು ಬಿಸಿಲಿಗೆ ಒಡ್ಡದೆ ನೆರಳಿನಲ್ಲಿ, ಬಾಯಿ ಕೆಳಗಾಗಿ ಹಿಡಿದು ಬೇಗ ಕೆಲಸ ಮುಗಿಸುವುದು ಕ್ಷೇಮ. ಇದರಿಂದ ಧೂಳೂ ಒಳಹೋಗದು.

ಇದಕ್ಕಿಂತ ಹಳೆಯ ಮಾಮಿಯಾ ಯೂನಿವರ್ಸಲ್ ಪ್ರೆಸ್ ಕ್ಯಾಮೆರಾದಲ್ಲಿ ಪರದೆ ಇಲ್ಲ; ಫಿಲಂ ಪೆಟ್ಟಿಗೆಯ ಡಾರ್ಕ್ ಸ್ಲೈಡೇ ತಡೆ. ತಗಡು ಒಳಗಿದೆಯೇ ಇಲ್ಲವೇ ಎಂಬುದನ್ನು ಲೆನ್ಸ್ ಮುಟ್ಟುವ ಮುನ್ನ ಛಾಯಾಗ್ರಾಹಕರೇ ಖಚಿತಪಡಿಸಿಕೊಳ್ಳಬೇಕು. ಇನ್ನು ಪರದೆ, ತಗಡು ಯಾವುದೂ ಇಲ್ಲದ ಕ್ಯಾಮೆರಾಗಳಿಗೆ ಇರುವುದು ಎರಡೇ ದಾರಿ. ಸುರುಳಿ ಮುಗಿದ ಬಳಿಕ ಲೆನ್ಸ್ ಬದಲಿಸುವುದು, ಇಲ್ಲವೇ ಬೆಳಕು ನುಸುಳದ ಕಪ್ಪು ಚೀಲದೊಳಗೆ ಕೈಯಾಡಿಸಿ ಬದಲಿಸುವುದು.

ಲೆನ್ಸ್ ಜೊತೆಗೆ ನೋಟವೂ ಬದಲು

ಕನ್ನಡಿಯಿಲ್ಲದ ಕ್ಯಾಮೆರಾಗಳಲ್ಲಿ ಕಣ್ಣಿಗೆ ಕಾಣುವ ದೃಶ್ಯ ಲೆನ್ಸಿನ ಮೂಲಕ ಬರುವುದಿಲ್ಲ. ಆದ್ದರಿಂದ ಲೆನ್ಸ್ ಬದಲಾದಾಗ ವ್ಯೂಫೈಂಡರೂ ಬದಲಾಗಬೇಕು. ಮಾಮಿಯಾ 7ರ ಒಳಗಿನ ಚೌಕಟ್ಟಿನ ಗೆರೆಗಳು 65, 80 ಮತ್ತು 150 ಮಿ.ಮೀ. ಲೆನ್ಸುಗಳಿಗೆ ಮಾತ್ರ. 43 ಮತ್ತು 50 ಮಿ.ಮೀ. ಲೆನ್ಸುಗಳಿಗೆ ಕ್ಯಾಮೆರಾದ ನೆತ್ತಿಯ ಮೇಲೆ ಸಿಕ್ಕಿಸುವ ಪ್ರತ್ಯೇಕ ವ್ಯೂಫೈಂಡರ್ ಬೇಕು. ಮೊದಲು ಒಳಗಿನ ಕಿಟಕಿಯಲ್ಲಿ ಫೋಕಸ್, ಆಮೇಲೆ ಮೇಲಿನ ಕಿಟಕಿಯಲ್ಲಿ ಚೌಕಟ್ಟು. ಬಳಸಿದ ಲೆನ್ಸ್ ಕೊಳ್ಳುವವರು ಈ ವ್ಯೂಫೈಂಡರ್ ಜೊತೆಗಿದೆಯೇ ಎಂದು ವಿಚಾರಿಸದಿದ್ದರೆ ಅದಕ್ಕಾಗಿ ಮತ್ತೆ ಹುಡುಕಾಟ, ಮತ್ತೆ ವೆಚ್ಚ.

ಫೂಜಿ ಕಂಪನಿಯ 6 x 17 ಅಳತೆಯ ಕ್ಯಾಮೆರಾಗಳು ಇದೇ ಪಾಠವನ್ನು ಇನ್ನಷ್ಟು ಸ್ಪಷ್ಟಪಡಿಸುತ್ತವೆ. 1983ರ ಜಿ 617 ಕ್ಯಾಮೆರಾಕ್ಕೆ 105 ಮಿ.ಮೀ. ಲೆನ್ಸ್ ಒಂದೇ, ಅದೂ ಶಾಶ್ವತವಾಗಿ ಜೋಡಿಸಿದ್ದು. 1993ರಲ್ಲಿ ಬಂದ ಜಿಎಕ್ಸ್ 617ರಲ್ಲಿ 90, 105, 180, 300 ಮಿ.ಮೀ. ಲೆನ್ಸುಗಳನ್ನು ಬದಲಿಸಬಹುದು. ಪ್ರತಿ ಲೆನ್ಸಿಗೂ ಅದರದೇ ಶಟರ್, ಅದರದೇ ವ್ಯೂಫೈಂಡರ್.

ಮೂಲೆಯ ಕತ್ತಲೆ

ವೈಡ್ ಆ್ಯಂಗಲ್ ಲೆನ್ಸುಗಳಲ್ಲಿ ಚಿತ್ರದ ನಡುಭಾಗಕ್ಕಿಂತ ಮೂಲೆಗಳು ಮಬ್ಬಾಗುವುದು ಸಹಜ. ಓರೆಯಾಗಿ ಬರುವ ಬೆಳಕು ಹೆಚ್ಚು ದೂರ ಕ್ರಮಿಸುತ್ತದೆ, ಓರೆಯಾಗಿಯೇ ಫಿಲಂ ಮೇಲೆ ಹರಡಿಕೊಳ್ಳುತ್ತದೆ. ಸೈದ್ಧಾಂತಿಕವಾಗಿ ಇದು ಕೋನದ ಕೊಸೈನ್‌ನ ನಾಲ್ಕನೇ ಘಾತಕ್ಕೆ ಅನುಗುಣವಾಗಿ ಕುಗ್ಗುತ್ತದೆ. 90 ಡಿಗ್ರಿ ಆವರಿಸುವ ಲೆನ್ಸಿನ ಮೂಲೆ ನಡುವಿನಿಂದ 45 ಡಿಗ್ರಿ ಓರೆಯಲ್ಲಿರುತ್ತದೆ. ಲೆಕ್ಕ ಹಾಕಿದರೆ ಅಲ್ಲಿಗೆ ತಲುಪುವ ಬೆಳಕು ನಡುವಿನ ಕಾಲು ಭಾಗ ಮಾತ್ರ. ಛಾಯಾಗ್ರಹಣದ ಭಾಷೆಯಲ್ಲಿ ಎರಡು ಸ್ಟಾಪ್ ಕೊರತೆ. ಉತ್ತಮ ವಿನ್ಯಾಸಗಳು ಇದನ್ನು ಸ್ವಲ್ಪಮಟ್ಟಿಗೆ ತಗ್ಗಿಸುತ್ತವೆಯಾದರೂ ಪೂರ್ತಿ ನಿವಾರಿಸಲಾರವು.

ಇದಕ್ಕೆ ಪರಿಹಾರ ನಡುವೆ ಗಾಢವಾಗಿ ಅಂಚಿನಲ್ಲಿ ತಿಳಿಯಾಗಿರುವ ಸೆಂಟರ್ ಫಿಲ್ಟರ್. ಅದನ್ನು ಹಾಕಿದಾಗ ಫಿಲ್ಟರ್ ಮೇಲೆ ನಮೂದಿಸಿದಷ್ಟು ಬೆಳಕನ್ನು ಹೆಚ್ಚಾಗಿ ಕೊಡಬೇಕು. ವೈಡ್ ಲೆನ್ಸ್ ತೆಗೆದು ದೀರ್ಘ ಲೆನ್ಸ್ ಹಾಕಿದಾಗ ಆ ಹೆಚ್ಚುವರಿ ಲೆಕ್ಕವನ್ನು ಕೈಬಿಡಲೂಬೇಕು. ಹೊಸ ಲೆನ್ಸಿಗೆ ಹಳೆಯ ಲೆಕ್ಕವನ್ನೇ ಮುಂದುವರಿಸಿದರೆ, ವಿಶೇಷವಾಗಿ ಸ್ಲೈಡ್ ಫಿಲಂನಲ್ಲಿ, ಚಿತ್ರ ಬಿಳಿಚಿಕೊಳ್ಳುವುದು ಖಂಡಿತ.

ಮಿಲಿಮೀಟರಿನ ಹತ್ತನೇ ಒಂದು ಭಾಗ

ಮೂರನೆಯ ಪ್ರಶ್ನೆ ಅಂತರದ್ದು. ಕೆಲವರು ಹಾಳಾದ ಶಟರಿನಿಂದ ಗಾಜಿನ ಭಾಗಗಳನ್ನು ಬಿಚ್ಚಿ ಬೇರೆ ಶಟರಿಗೆ ಹಾಕಿಸುತ್ತಾರೆ, ಇಲ್ಲವೇ ಬೇರೊಂದು ಕ್ಯಾಮೆರಾದ ಲೆನ್ಸನ್ನು ಇನ್ನೊಂದಕ್ಕೆ ಕೂರಿಸುತ್ತಾರೆ. ಕೋಪಾಲ್ 0 ಮುಂತಾದ ಪ್ರಮಾಣಿತ ಶಟರುಗಳಲ್ಲಿ ಇದು ಸಾಧ್ಯವೂ ಹೌದು. ಮುಂದಿನ ಗಾಜು ಮುಂದಿನಿಂದ, ಹಿಂದಿನದು ಹಿಂದಿನಿಂದ ತಿರುಚಿಕೊಳ್ಳುತ್ತವೆ. ಆದರೆ ಕಾರ್ಖಾನೆಯಲ್ಲಿ ಇವುಗಳ ನಡುವೆ ಕಾಗದದಷ್ಟು ತೆಳುವಾದ ಲೋಹದ ಬಳೆಗಳನ್ನು ಇಟ್ಟು ಅಂತರ ಸರಿಪಡಿಸಿರುತ್ತಾರೆ. ಬಿಚ್ಚುವಾಗ ಅವು ಕೆಳಗೆ ಬಿದ್ದು ಕಳೆದುಹೋದರೆ ಲೆನ್ಸಿನ ಗುಣಮಟ್ಟವೇ ಕಳೆದಂತೆ.

ಲೆನ್ಸಿನಿಂದ ಫಿಲಂವರೆಗಿನ ಅಂತರವೂ ಅಷ್ಟೇ ಸೂಕ್ಷ್ಮ. 38 ಮಿ.ಮೀ. ಸಂಗಮದೂರದ ಲೆನ್ಸ್ ತನ್ನ ಸ್ಥಾನದಿಂದ ಕೇವಲ 0.1 ಮಿ.ಮೀ. ಮುಂದಕ್ಕೆ ಸರಿದರೆ, ಅನಂತಕ್ಕೆ ಹೊಂದಿಸಿದಾಗ ಅದು ನಿಜವಾಗಿ ಸ್ಪಷ್ಟವಾಗಿ ತೋರಿಸುವುದು ಸುಮಾರು 14 ಮೀಟರ್ ದೂರದ ವಸ್ತುವನ್ನು. ಅದೇ ತಪ್ಪು 150 ಮಿ.ಮೀ. ಲೆನ್ಸಿನಲ್ಲಿ ಆದರೆ 225 ಮೀಟರ್ ದೂರದ ವಸ್ತು ಸ್ಪಷ್ಟವಾಗುತ್ತದೆ. ವೈಡ್ ಲೆನ್ಸಿನಲ್ಲಿ ಎಲ್ಲವೂ ಸ್ಪಷ್ಟವಾಗಿಯೇ ಇರುತ್ತದೆಂಬ ನಂಬಿಕೆ ಅರ್ಧ ಸತ್ಯ. ಅಪರ್ಚರ್ ಕಿರಿದಾಗಿಸಿದಾಗ ಈ ದೋಷ ಮರೆಯಾದಂತೆ ತೋರಿದರೂ, ಅಪರ್ಚರ್ ಹಿಗ್ಗಿಸಿದಾಗ ಅಥವಾ ಚಿತ್ರವನ್ನು ಗೋಡೆಯಗಲಕ್ಕೆ ಮುದ್ರಿಸಿದಾಗ ದೂರದ ಬೆಟ್ಟದ ಅಂಚು ಮಸುಕಾಗಿ ಎದ್ದು ಕಾಣುತ್ತದೆ. ಲೆನ್ಸ್ ಓರೆಯಾಗಿ ಕೂತಿದ್ದರಂತೂ ಒಂದು ಬದಿ ಸ್ಪಷ್ಟ, ಇನ್ನೊಂದು ಬದಿ ಮಸುಕು.

ಇದನ್ನು ಪರೀಕ್ಷಿಸಲು ದೊಡ್ಡ ಉಪಕರಣ ಬೇಡ. ಫಿಲಂ ಇಲ್ಲದ ಕ್ಯಾಮೆರಾದ ಹಿಂಬದಿ ತೆರೆದು, ಫಿಲಂ ಕೂರುವ ಪಟ್ಟಿಗಳ ಮೇಲೆ ಮಸುಕು ಗಾಜನ್ನು ಒತ್ತಿ ಇಡಬೇಕು. ಮಸುಕು ಮಾಡಿದ ಬದಿ ಲೆನ್ಸಿನ ಕಡೆಗಿರಬೇಕು. ಶಟರನ್ನು 'ಬಿ' ಅಥವಾ 'ಟಿ'ಯಲ್ಲಿ ತೆರೆದು, ಲೆನ್ಸನ್ನು ಅನಂತಕ್ಕೂ ಅಪರ್ಚರನ್ನು ಪೂರ್ಣಕ್ಕೂ ಇಟ್ಟು, ಕಿಲೋಮೀಟರುಗಳಾಚೆಯ ಗೋಪುರವನ್ನೋ ದೂರವಾಣಿ ಕಂಬವನ್ನೋ ಭೂತಗನ್ನಡಿಯಿಂದ ನೋಡಬೇಕು. ನಡುವಿನಲ್ಲಿಯೂ ನಾಲ್ಕೂ ಮೂಲೆಯಲ್ಲಿಯೂ ಬಿಂಬ ಒಂದೇ ಸಮನಾಗಿ ಚೂಪಾಗಿದ್ದರೆ ಲೆನ್ಸ್ ಸರಿಯಾಗಿ ಕೂತಿದೆಯೆಂದು ತಿಳಿಯಬಹುದು. ಪ್ರತಿ ಲೆನ್ಸಿಗೂ ಈ ಪರೀಕ್ಷೆ ಪ್ರತ್ಯೇಕವಾಗಿ ಆಗಬೇಕು.

ಮಳೆಗಾಲದ ಶತ್ರು

ಬದಲಿಸುವ ಲೆನ್ಸುಗಳಿದ್ದಷ್ಟೂ ಕಾಪಿಡುವ ಹೊಣೆಯೂ ಹೆಚ್ಚು. ಕರಾವಳಿ ಮತ್ತು ಮಲೆನಾಡಿನ ತೇವದ ಹವೆಯಲ್ಲಿ ಗಾಜಿನ ಮೇಲೆ ಬೂಷ್ಟು ಬೆಳೆಯುವುದು ಸಾಮಾನ್ಯ. ಜೇಡರ ಬಲೆಯಂತೆ ಹರಡುವ ಇದು ಗಾಜಿನ ಲೇಪನವನ್ನು ತಿಂದುಹಾಕಿದರೆ ಒರೆಸಿದರೂ ಕಲೆ ಉಳಿಯುತ್ತದೆ. ಕೊಳ್ಳುವ ಮುನ್ನ ಲೆನ್ಸನ್ನು ಬೆಳಕಿಗೆ ಹಿಡಿದು, ಓರೆಯಾಗಿಯೂ ನೋಡಿ ಪರೀಕ್ಷಿಸಬೇಕು. ಶಟರಿನ ಎಲೆಗಳ ಮೇಲೆ ಎಣ್ಣೆಯ ಪಸೆ ಇದೆಯೇ, ಒಂದು ಸೆಕೆಂಡಿನಂತಹ ನಿಧಾನ ವೇಗಗಳಲ್ಲಿ ತಡವರಿಸುತ್ತದೆಯೇ ಎಂಬುದನ್ನೂ ಗಮನಿಸಬೇಕು. ಕ್ಯಾಮೆರಾದಿಂದ ಕಳಚಿದ ಲೆನ್ಸಿಗೆ ಹಿಂದೆ ಮುಂದೆ ಎರಡೂ ಕಡೆ ಮುಚ್ಚಳವಿರಲಿ. ಮಳೆಗಾಲದಲ್ಲಿ ಚರ್ಮದ ಚೀಲದೊಳಗೆ ಇಡುವುದಕ್ಕಿಂತ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಇಡುವುದೇ ಮೇಲು.

ಯಾವ ಕ್ಯಾಮೆರಾದಲ್ಲಿಯೇ ಆಗಲಿ, ಲೆನ್ಸ್ ಸುಲಭವಾಗಿ ತಿರುಗದಿದ್ದರೆ ಬಲ ಪ್ರಯೋಗಿಸಬಾರದೆಂಬುದು ಎಲ್ಲಕ್ಕೂ ಮೇಲಿನ ನಿಯಮ. ಸರಿಯಾದ ಸ್ಥಿತಿಯಲ್ಲಿರುವ ಯಂತ್ರ ಎರಡು ಬೆರಳಿನ ಒತ್ತಡಕ್ಕೆ ಮಣಿಯುತ್ತದೆ. ಮಣಿಯದಿದ್ದರೆ ಎಲ್ಲಿಯೋ ಒಂದು ಬೀಗ ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಹೊಸ ಕ್ಯಾಮೆರಾ ಕೈಸೇರಿದಾಗ ಫಿಲಂ ಹಾಕದೆ ಖಾಲಿಯಾಗಿಯೇ ಹತ್ತಾರು ಬಾರಿ ಲೆನ್ಸ್ ಬದಲಿಸಿ ಅಭ್ಯಾಸ ಮಾಡಿಕೊಂಡವರಿಗೆ, ಬೆಟ್ಟದ ತುದಿಯಲ್ಲಿ ಬೆಳಕು ಜಾರುತ್ತಿರುವಾಗ ಕೈ ನಡುಗುವುದಿಲ್ಲ. ಇನ್ನೆಂದೂ ತಯಾರಾಗದ ಈ ಯಂತ್ರಗಳು ಮುಂದಿನ ತಲೆಮಾರಿಗೂ ಉಳಿಯಬೇಕಾದರೆ ಅಷ್ಟು ತಾಳ್ಮೆ ಅವಶ್ಯ.